ಪಿಟೀಲು ಬೇಕು, ಪಿಟೀಲುಗಾರ ಬೇಡ

ಯುರೋಪಿಗೆ ಈ ಜಿಪ್ಸಿಗಳು ಕೊಟ್ಟದ್ದಾದರೂ ಏನು? ಯುರೋಪಿನ ಚುನಾವಣಾ ವೇದಿಕೆಗಳಲ್ಲಿ, ಪತ್ರಿಕೆಗಳಲ್ಲಿ, ಊಟದ ಮೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ಕಳ್ಳತನ, ಭಿಕ್ಷೆ, ಕೊಳಕು ಎಂಬ ಉತ್ತರವನ್ನು ಅವರು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ಇವರಿಗೆ ಎದುರಾಗಿ ಕೆಲವು ಸಜ್ಜನರು ಒಂದು ಪಟ್ಟಿ ಹಿಡಿದು ನಿಲ್ಲುತ್ತಾರೆ: ಸ್ಪೇನಿನ ಫ್ಲಮೆಂಕೊ ನೋಡಿ, ಹಂಗೇರಿಯ ಪಿಟೀಲು ಕೇಳಿ, ಪ್ಯಾರಿಸಿನ ಜಾಝ್ ಗಿಟಾರ್ ಕೇಳಿ ಎನ್ನುತ್ತಾರೆ. ಮೊದಲನೆಯವರದು ಸುಳ್ಳು. ಎರಡನೆಯವರದು ನಿಜವೇ, ಆದರೆ ಅರ್ಧ ನಿಜ. ಅವರ ಪಟ್ಟಿಯಲ್ಲಿ ಹಾಡು, ಕುಣಿತ ಇರುತ್ತವೆ. ಕಬ್ಬಿಣ, ತಾಮ್ರ, ಸಂಕೋಲೆ ಇರುವುದಿಲ್ಲ. ಕೊಡುಗೆ ಎಂದರೆ ಮನಸಾರೆ ಕೊಟ್ಟದ್ದು. ಯುರೋಪು ರೋಮಾ ಜನರಿಂದ ಪಡೆದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಕಸಿದುಕೊಂಡದ್ದು. ಹಾಗಾಗಿ ಇಲ್ಲಿ ಲೆಕ್ಕ ಒಪ್ಪಿಸಬೇಕಾದವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ಯುರೋಪಿನಲ್ಲಿಂದು ಸುಮಾರು 1 ಕೋಟಿಯಿಂದ 1.2 ಕೋಟಿ ರೋಮಾ ಜನರಿದ್ದಾರೆ. ಆ ಖಂಡದ ಅತಿ ದೊಡ್ಡ ಅಲ್ಪಸಂಖ್ಯಾತ ಜನಾಂಗ ಅವರದು. ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಅವರಿಗೆ ಜಿಪ್ಸಿ ಎಂಬ ಹೆಸರು ಅಂಟಿಕೊಂಡಿತು. ಅವರು ಬಂದದ್ದು ಭಾರತದ ಕಡೆಯಿಂದ ಎಂಬುದನ್ನು 18ನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸರು ಭಾಷೆಯ ಆಧಾರದಿಂದ ತೋರಿಸಿದರು. ರೊಮಾನಿಯಲ್ಲಿ ನೀರಿಗೆ ಪಾನಿ, ಮೂಗಿಗೆ ನಾಖ್, ಕಿವಿಗೆ ಕನ್, ಹಲ್ಲಿಗೆ ದಂದ್, ಉಪ್ಪಿಗೆ ಲೋನ್, ಮನುಷ್ಯನಿಗೆ ಮನುಷ್. ಐದಕ್ಕೆ ಪಂಜ್, ಹತ್ತಕ್ಕೆ ದೆಶ್. ನಡುವಿನ ಏಳು, ಎಂಟು, ಒಂಬತ್ತು ಮಾತ್ರ ಗ್ರೀಕಿನವು. ದಾರಿ ಎಂಬುದಕ್ಕೆ ಅವರು ಬಳಸುವ ಮಾತೂ ಗ್ರೀಕಿನದೇ. ಕುದುರೆಗೆ ಆರ್ಮೇನಿಯನ್ ಮಾತು. ಪರ್ಷಿಯಾ, ಆರ್ಮೇನಿಯಾ, ಬೈಜಾಂಟಿಯಂ ದಾಟಿ ಅವರು ಬಾಲ್ಕನ್ ಸೇರಿದ ಹಾದಿಯ ನಕಾಶೆ ಅವರ ನಾಲಿಗೆಯ ಮೇಲೆಯೇ ಉಳಿದಿದೆ. ಲಿಪಿಯಿಲ್ಲದ, ರಾಜ್ಯವಿಲ್ಲದ, ಶಾಲೆಯಿಲ್ಲದ ಜನ ಒಂದು ಭಾಷೆಯನ್ನು ಸಾವಿರ ವರ್ಷ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದದ್ದು ಸಣ್ಣ ಸಾಧನೆಯಲ್ಲ.

ಅವರು ಯುರೋಪಿಗೆ ಮೊದಲು ಹೊತ್ತು ತಂದದ್ದು ಕಸುಬನ್ನು. ಅವರ ಪಂಗಡಗಳ ಹೆಸರುಗಳೇ ಇದನ್ನು ಹೇಳುತ್ತವೆ. ಕಲ್ದೆರಾಶರೆಂದರೆ ಕೊಪ್ಪರಿಗೆ ಮಾಡುವವರು, ಪಾತ್ರೆಗೆ ಕಲಾಯಿ ಹಾಕುವವರು. ಲೊವಾರಿಗಳೆಂದರೆ ಕುದುರೆ ವ್ಯಾಪಾರಿಗಳು. ಲಿಂಗುರಾರಿಗಳು ಮರದ ಸೌಟು ಕೆತ್ತುವವರು. ಔರಾರಿಗಳು ಹೊಳೆಯ ಮರಳು ಜಾಲಿಸಿ ಚಿನ್ನ ತೆಗೆಯುವವರು. ಬಾಲ್ಕನ್ ಮತ್ತು ಪೂರ್ವ ಯುರೋಪಿನ ಹಳ್ಳಿಗಳಲ್ಲಿ ನೇಗಿಲಿಗೆ ಗುಳ ಬಡಿದುಕೊಟ್ಟವನು, ಕುದುರೆಗೆ ಲಾಳ ಕಟ್ಟಿದವನು, ಅಡುಗೆ ಮನೆಯ ತಾಮ್ರಕ್ಕೆ ಹೊಳಪು ಕೊಟ್ಟವನು ಬಹಳ ಕಡೆ ರೋಮಾ ಕಮ್ಮಾರನೇ. ಕುಲಕಸುಬುಗಳ ನಾಡಿನಲ್ಲಿ ಬದುಕುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಲಸ ಎಲ್ಲರಿಗೂ ಬೇಕು, ಕೆಲಸಗಾರ ಊರ ಹೊರಗಿರಬೇಕು ಎಂಬ ನ್ಯಾಯವೂ ನಮಗೆ ಹೊಸದಲ್ಲ.

ಇಂದಿನ ರುಮೇನಿಯಾದ ಭಾಗಗಳಾದ ವಲಾಕಿಯಾ ಮತ್ತು ಮೊಲ್ಡಾವಿಯಾದಲ್ಲಿ ಈ ನ್ಯಾಯ ಗುಲಾಮಗಿರಿಯವರೆಗೂ ಹೋಯಿತು. 1385ರ ಒಂದು ಪತ್ರದಲ್ಲಿ ಕ್ರೈಸ್ತ ಮಠವೊಂದಕ್ಕೆ ದಾನವಾಗಿ ಸಂದ 40 ಜಿಪ್ಸಿ ಕುಟುಂಬಗಳ ಉಲ್ಲೇಖವಿದೆ. ಅಲ್ಲಿಂದ ಮುಂದೆ ಸುಮಾರು 5 ಶತಮಾನಗಳ ಕಾಲ ಅರಸರು, ಜಮೀನ್ದಾರರು ಮತ್ತು ಮಠಗಳು ರೋಮಾ ಜನರನ್ನು ಕೊಂಡರು, ಮಾರಿದರು, ಮಗಳ ಬಳುವಳಿಯಾಗಿ ಕೊಟ್ಟರು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಹರಾಜಾದದ್ದುಂಟು. ಔತಣಗಳಲ್ಲಿ ಪಿಟೀಲು ನುಡಿಸುತ್ತಿದ್ದ ಲೌತಾರಿಗಳೆಂಬ ಸಂಗೀತಗಾರರೂ ಇಂಥ ಗುಲಾಮರೇ. ಅಂದರೆ ಯಜಮಾನನಿಗೆ ಪಿಟೀಲೂ ಆಸ್ತಿ, ಪಿಟೀಲುಗಾರನೂ ಆಸ್ತಿ. ಮೊಲ್ಡಾವಿಯಾದಲ್ಲಿ 1855ರಲ್ಲಿ, ವಲಾಕಿಯಾದಲ್ಲಿ 1856ರಲ್ಲಿ ಈ ಪದ್ಧತಿ ಪೂರ್ತಿಯಾಗಿ ರದ್ದಾದಾಗ ಬಿಡುಗಡೆಯಾದವರ ಸಂಖ್ಯೆ ಸುಮಾರು 2.5 ಲಕ್ಷ ಎನ್ನುತ್ತಾರೆ. ಆಗ ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಶತಮಾನಗಳ ಕಾಲ ಬಿಟ್ಟಿ ದುಡಿದವರಿಗೆ ಒಂದು ತುಂಡು ನೆಲವೂ ಸಿಗಲಿಲ್ಲ. ಅಮೆರಿಕದ ಹತ್ತಿ ಹೊಲಗಳ ಗುಲಾಮಗಿರಿ ಜಗತ್ತಿಗೆಲ್ಲ ಗೊತ್ತು. ಯುರೋಪಿನ ನಡುಮನೆಯಲ್ಲಿ ಅದೇ ಕಾಲಕ್ಕೆ ನಡೆದ ಈ ಗುಲಾಮಗಿರಿ ಯುರೋಪಿನ ಮಕ್ಕಳ ಪಠ್ಯಗಳಲ್ಲೇ ಅಪರೂಪ. ರುಮೇನಿಯಾ ಫೆಬ್ರವರಿ 20ನ್ನು ಬಿಡುಗಡೆಯ ಸ್ಮರಣೆಯ ದಿನವೆಂದು ಘೋಷಿಸಿದ್ದು 2011ರಲ್ಲಿ.

ಇನ್ನು ಸಂಗೀತದ ಮಾತು. ಹಂಗೇರಿಯ ಯಾನೋಷ್ ಬಿಹಾರಿ (1764-1827) ಎಂಬ ರೋಮಾ ಪಿಟೀಲುಗಾರ ಶ್ರೀಮಂತರ ಸಭೆಗಳನ್ನು ಆಳಿದವನು. 1859ರಲ್ಲಿ ಪ್ರಸಿದ್ಧ ಸಂಗೀತಗಾರ ಫ್ರಾಂಜ್ ಲಿಸ್ಟ್, ಹಂಗೇರಿಯದೆಂದು ಕರೆಯಲಾಗುವ ಸಂಗೀತ ಮೂಲತಃ ಜಿಪ್ಸಿಗಳದೆಂದು ಪುಸ್ತಕವನ್ನೇ ಬರೆದ. ಹಂಗೇರಿಯ ರಾಷ್ಟ್ರಾಭಿಮಾನಿಗಳು ಕೆರಳಿದರು. 20ನೆಯ ಶತಮಾನದಲ್ಲಿ ಬೇಲಾ ಬಾರ್ಟೋಕ್ ಇದಕ್ಕೆ ತದ್ವಿರುದ್ಧವಾಗಿ, ಹಾಡುಗಳು ಹಂಗೇರಿಯನ್ನರವು, ಜಿಪ್ಸಿಗಳು ಬರೀ ನುಡಿಸುವವರು ಎಂದ. ಬಾರ್ಟೋಕನ ಮಾತಿನಲ್ಲಿ ಸಂಶೋಧಕನ ಎಚ್ಚರ ಇತ್ತು, ನಿಜ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಈ ಜಗಳದಲ್ಲಿ ವಾದಿಯೂ ಅವರೇ, ಪ್ರತಿವಾದಿಯೂ ಅವರೇ. ಪಿಟೀಲು ಹಿಡಿದವನನ್ನು ಯಾರೂ ಸಾಕ್ಷಿಗೂ ಕರೆಯಲಿಲ್ಲ. ಕರೆದಿದ್ದರೆ, ನುಡಿಸುವುದೆಂದರೆ ನಕಲು ಮಾಡುವುದಲ್ಲ, ರಾಗವನ್ನು ಹಿಗ್ಗಿಸಿ ಕುಗ್ಗಿಸಿ ಕೇಳುಗನ ಎದೆಗೆ ತಲುಪಿಸುವುದೂ ಸೃಷ್ಟಿಯೇ ಎಂದು ಹೇಳುತ್ತಿದ್ದನೇನೋ. ಹೋಟೆಲುಗಳಲ್ಲಿ ಪರರಿಗಾಗಿ ನುಡಿಸುವ ಸಂಗೀತವೇ ಬೇರೆ, ಮನೆಯೊಳಗೆ ತಮಗಾಗಿ ಹಾಡಿಕೊಳ್ಳುವುದೇ ಬೇರೆ ಎಂಬುದೂ ಆಗ ತಿಳಿಯುತ್ತಿತ್ತು. ಹಂಗೇರಿಯ ಬಡ ರೋಮಾ ಮನೆಗಳಲ್ಲಿ ಪಿಟೀಲೇ ಇರಲಿಲ್ಲ. ನೀರಿನ ಕ್ಯಾನು, ಚಮಚ ಮತ್ತು ಬಾಯಿಂದ ಹೊರಡಿಸುವ ತಾಳವೇ ಅವರ ಮೇಳ.

ಸ್ಪೇನಿನ ಕತೆ ನಮ್ಮ ಓದುಗರಿಗೆ ಹತ್ತಿರದ್ದು. 1492ರಲ್ಲಿ ಗ್ರಾನಡಾ ಬಿತ್ತು, ಯಹೂದಿಗಳನ್ನು ಹೊರಗಟ್ಟಲಾಯಿತು. 1499ರಲ್ಲಿ ಅದೇ ದೊರೆಗಳು ಜಿಪ್ಸಿಗಳ ವಿರುದ್ಧ ಮೊದಲ ಶಾಸನ ಹೊರಡಿಸಿದರು: ನೆಲೆ ನಿಲ್ಲಿ, ಒಡೆಯನನ್ನು ಹುಡುಕಿಕೊಳ್ಳಿ, ಇಲ್ಲವೇ ದೇಶ ಬಿಡಿ. 1609ರಿಂದ ಮತಾಂತರಗೊಂಡ ಮುಸ್ಲಿಮರಾದ ಮೊರಿಸ್ಕೊಗಳನ್ನೂ ಹೊರಹಾಕಲಾಯಿತು. 1633ರಲ್ಲಿ ಜಿಪ್ಸಿಗಳ ಭಾಷೆ, ಉಡುಗೆಗಳಿಗೆ ನಿಷೇಧ ಬಂತು. 1749ರ ಜುಲೈ 30ರಂದು ಒಂದೇ ಏಟಿಗೆ ಇಡೀ ಜನಾಂಗವನ್ನು ಬಂಧಿಸುವ ಕಾರ್ಯಾಚರಣೆ ನಡೆಯಿತು. ಸುಮಾರು 9 ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ಗಂಡಸರನ್ನು ನೌಕಾಪಡೆಯ ಹಡಗುಕಟ್ಟೆಗಳಲ್ಲಿ ದುಡಿಮೆಗೆ ಹಚ್ಚಲಾಯಿತು. ಹೆಂಗಸರು ಮಕ್ಕಳನ್ನು ಬೇರೆಡೆ ಕೂಡಿಹಾಕಲಾಯಿತು. ಕೊನೆಯವರ ಬಿಡುಗಡೆಗೆ ಹದಿನೈದು ವರ್ಷಗಳೇ ಹಿಡಿದವು. ಹೀಗೆ ಭಾಷೆಯ ವ್ಯಾಕರಣವನ್ನೇ ಕಳೆದುಕೊಂಡ, ಕಮ್ಮಾರಸಾಲೆಯ ಅಡಿಗಲ್ಲಿನ ತಾಳಕ್ಕೆ ಹಾಡಿಕೊಂಡ ಆಂಡಲೂಸಿಯಾದ ಜಿಪ್ಸಿಗಳು ಅರಬ್, ಯಹೂದಿ, ಸ್ಥಳೀಯ ಜನಪದಗಳ ಉಳಿಕೆಗಳನ್ನೆಲ್ಲ ಕೂಡಿಸಿಕೊಂಡು ಕಟ್ಟಿದ ಕಲೆಯೇ ಫ್ಲಮೆಂಕೊ. ಫ್ರಾಂಕೊನ ಸರ್ವಾಧಿಕಾರ ಅದನ್ನು ಪ್ರವಾಸಿಗರ ಮುಂದೆ ಸ್ಪೇನಿನ ಮುಖವೆಂದು ಮಾರಿತು. ಅದೇ ಆಡಳಿತದ 1943ರ ಪೊಲೀಸ್ ನಿಯಮಾವಳಿ ಜಿಪ್ಸಿಗಳ ಮೇಲೆ ವಿಶೇಷ ಕಣ್ಣಿಡಬೇಕೆಂದು ಆದೇಶಿಸಿತ್ತು. ಆ ನಿಯಮ ಹೋದದ್ದು 1978ರಲ್ಲಿ. 2010ರಲ್ಲಿ ಯುನೆಸ್ಕೊ ಫ್ಲಮೆಂಕೊವನ್ನು ಮಾನವಕುಲದ ಪರಂಪರೆಯೆಂದು ಮಾನ್ಯ ಮಾಡಿತು. ಕಲೆ ಮಾನವಕುಲದ್ದಾಯಿತು, ಕಲಾವಿದನ ಕುಲ ಮಾತ್ರ ಪೊಲೀಸ್ ಠಾಣೆಯ ಕಡತದಲ್ಲೇ ಬಹುಕಾಲ ಉಳಿಯಿತು.

ಫ್ರಾನ್ಸಿನದೂ ಇದೇ ಮಾದರಿ. 1910ರಲ್ಲಿ ಬೆಲ್ಜಿಯಂನಲ್ಲಿ ಜಿಪ್ಸಿ ಕುಟುಂಬವೊಂದರಲ್ಲಿ ಹುಟ್ಟಿದ ಜಾಂಗೊ ರೈನ್‌ಹಾರ್ಟ್, 1928ರಲ್ಲಿ ಬಂಡಿಗೆ ಬಿದ್ದ ಬೆಂಕಿಯಲ್ಲಿ ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡ. ಉಳಿದ ಬೆರಳುಗಳಿಂದಲೇ ಗಿಟಾರ್ ನುಡಿಸುವ ಹೊಸ ರೀತಿಯೊಂದನ್ನು ಹುಡುಕಿಕೊಂಡ. 1934ರಲ್ಲಿ ಪಿಟೀಲುಗಾರ ಸ್ತೆಫಾನ್ ಗ್ರಾಪೆಲ್ಲಿಯ ಜೊತೆ ಅವನು ಕಟ್ಟಿದ ತಂಡ ಅಮೆರಿಕದ ಜಾಝ್‌ಗೆ ಯುರೋಪಿನ ಮೊದಲ ಸ್ವಂತ ಉತ್ತರವಾಗಿತ್ತು. ಫ್ರಾನ್ಸ್ ಅವನನ್ನು ತನ್ನ ಹೆಮ್ಮೆಯೆಂದು ಎತ್ತಿ ಆಡಿಸಿತು. ಆದರೆ ಅವನ ಜನರಂಥ ಅಲೆಮಾರಿಗಳು ಬೆರಳಚ್ಚು, ದೇಹದ ಅಳತೆಗಳಿರುವ ಪುಸ್ತಕವನ್ನು ಕಡ್ಡಾಯವಾಗಿ ಇಟ್ಟುಕೊಂಡು ಊರೂರಿನ ಪೊಲೀಸರಿಗೆ ತೋರಿಸಬೇಕೆಂಬ 1912ರ ಕಾನೂನು ಅದೇ ಫ್ರಾನ್ಸಿನದು. ಹೆಸರು, ರೂಪ ಬದಲಿಸಿಕೊಂಡು ಈ ಸಂಚಾರ ಪುಸ್ತಕಗಳ ಪದ್ಧತಿ 2017ರವರೆಗೂ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಶಿಬಿರಗಳಲ್ಲಿ ಕೂಡಿಹಾಕಲಾದ ಅಲೆಮಾರಿಗಳಲ್ಲಿ ಕೊನೆಯವರು ಹೊರಬಂದದ್ದು 1946ರಲ್ಲಿ, ದೇಶ ವಿಮೋಚನೆಯಾದ ಮೇಲೆ! ಫ್ರಾನ್ಸಿನ ಅಧ್ಯಕ್ಷರೊಬ್ಬರು ಈ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 2016ರಲ್ಲಿ.

ಜರ್ಮನಿಯ ಯೋಹಾನ್ ಟ್ರೋಲ್‌ಮನ್ ಎಂಬ ಬಾಕ್ಸರನ ಬದುಕು ಇಡೀ ಚರಿತ್ರೆಯ ಸಾರದಂತಿದೆ. ಅವನು ಸಿಂತಿ ಪಂಗಡದವನು. 1933ರ ಜೂನ್ 9ರಂದು ಬರ್ಲಿನ್ನಿನಲ್ಲಿ ಲೈಟ್ ಹೆವಿವೇಟ್ ಪಟ್ಟಕ್ಕಾಗಿ ನಡೆದ ಪಂದ್ಯದಲ್ಲಿ ಅವನ ಆಟ ಎಷ್ಟು ಮೇಲಿತ್ತೆಂದರೆ, ಫಲಿತಾಂಶವನ್ನು ಮುಚ್ಚಿಡಲು ಹೊರಟ ಅಧಿಕಾರಿಗಳು ಪ್ರೇಕ್ಷಕರ ಗಲಾಟೆಗೆ ಹೆದರಿ ಪಟ್ಟ ಕೊಟ್ಟರು. ಕೆಲವೇ ದಿನಗಳಲ್ಲಿ ಕಿತ್ತುಕೊಂಡರು. ಮುಂದಿನ ಪಂದ್ಯದಲ್ಲಿ ಅವನ ಕುಣಿಯುವ ಹೆಜ್ಜೆಗಳಿಗೆ ನಿಷೇಧ. ಟ್ರೋಲ್‌ಮನ್ ಕೂದಲಿಗೆ ಹೊಂಬಣ್ಣ ಬಳಿದು, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು, ಆರ್ಯನ ವೇಷದಲ್ಲಿ ಕಣಕ್ಕಿಳಿದು ನಿಂತಲ್ಲೇ ನಿಂತು ಏಟು ತಿಂದ. ಮುಂದೆ ಅವನಿಗೆ ಸಂತಾನಹರಣ ಮಾಡಲಾಯಿತು, ಸೈನ್ಯಕ್ಕೆ ದೂಡಲಾಯಿತು, ಕೊನೆಗೆ 1944ರಲ್ಲಿ ಶಿಬಿರದಲ್ಲಿ ಕೊಲ್ಲಲಾಯಿತು. ಜರ್ಮನ್ ಬಾಕ್ಸಿಂಗ್ ಒಕ್ಕೂಟ ಪಟ್ಟವನ್ನು ಮರಳಿ ಒಪ್ಪಿದ್ದು 2003ರಲ್ಲಿ. ಸತ್ತವರಿಗೆ ಪಟ್ಟ ಕಟ್ಟುವುದರಲ್ಲಿ ಯುರೋಪು ಯಾವತ್ತೂ ಜಿಪುಣತನ ತೋರಿಲ್ಲ.

ನಾಜಿಗಳು ಕೊಂದ ರೋಮಾ ಮತ್ತು ಸಿಂತಿ ಜನರ ಸಂಖ್ಯೆಯನ್ನು 2 ಲಕ್ಷದಿಂದ 5 ಲಕ್ಷದವರೆಗೆ ಅಂದಾಜಿಸಲಾಗಿದೆ. ಆಶ್‌ವಿಟ್ಸ್‌ನ ಜಿಪ್ಸಿ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮುದುಕರು, ಹೆಂಗಸರು, ಮಕ್ಕಳನ್ನು 1944ರ ಆಗಸ್ಟ್ 2ರ ರಾತ್ರಿ ವಿಷಾನಿಲಕ್ಕೆ ದೂಡಲಾಯಿತು. ಇದಾದ 12 ವರ್ಷಕ್ಕೆ, 1956ರಲ್ಲಿ, ಪಶ್ಚಿಮ ಜರ್ಮನಿಯ ಅತ್ಯುನ್ನತ ನ್ಯಾಯಾಲಯ ಏನು ಹೇಳಿತು? 1943ಕ್ಕೆ ಮುಂಚಿನ ಗಡೀಪಾರುಗಳು ಜನಾಂಗದ್ವೇಷದಿಂದ ನಡೆದವಲ್ಲ, ಜಿಪ್ಸಿಗಳ ಸಮಾಜವಿರೋಧಿ ಸ್ವಭಾವದ ಕಾರಣದಿಂದ ನಡೆದವು ಎಂದಿತು! ಬದುಕುಳಿದವರ ಪರಿಹಾರದ ಬಾಗಿಲು ಹೀಗೆ ಮುಚ್ಚಿತು. 1980ರಲ್ಲಿ ಡಾಖೌ ಶಿಬಿರದ ನೆಲದ ಮೇಲೆ ಸಿಂತಿ ಜನ ಉಪವಾಸ ಕುಳಿತರು. 1982ರಲ್ಲಿ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಇದು ನರಮೇಧವೆಂದು ಒಪ್ಪಿದರು. ಬರ್ಲಿನ್ನಿನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ. ಜೆಕ್ ದೇಶದ ಲೇಟಿ ಎಂಬಲ್ಲಿ ರೋಮಾ ಮಕ್ಕಳು ಸತ್ತ ಶಿಬಿರದ ಜಾಗದಲ್ಲಿ ದಶಕಗಳ ಕಾಲ ಹಂದಿ ಸಾಕಣೆ ಕೇಂದ್ರ ನಡೆಯಿತು. ಅದನ್ನು ಕೆಡವಿ ಅಲ್ಲಿ ಸ್ಮಾರಕ ತೆರೆದದ್ದು 2024ರಲ್ಲಿ.

ಸಾಹಿತ್ಯ ಈ ದ್ವೇಷದಿಂದ ಮುಕ್ತವಾಗಿತ್ತೆಂದು ತಿಳಿಯಬೇಡಿ. ಸರ್ವಾಂಟಿಸ್ 1613ರಲ್ಲಿ ಜಿಪ್ಸಿ ಹುಡುಗಿಯೊಬ್ಬಳ ಕತೆ ಬರೆದ. ಕೊನೆಗೆ ನೋಡಿದರೆ ಅವಳು ಜಿಪ್ಸಿಯಲ್ಲ, ಕೂಸಿದ್ದಾಗ ಕದ್ದೊಯ್ದ ಅಧಿಕಾರಿಯ ಮಗಳು. 1831ರಲ್ಲಿ ವಿಕ್ಟರ್ ಹ್ಯೂಗೊ ಸೃಷ್ಟಿಸಿದ ಎಸ್ಮೆರಾಲ್ಡಾಳೂ ಅಷ್ಟೆ, ಜಿಪ್ಸಿಗಳು ಕದ್ದ ಫ್ರೆಂಚ್ ಕೂಸು. ನಾಯಕಿ ಒಳ್ಳೆಯವಳಾದರೆ ಅವಳ ರಕ್ತ ಬೇರೆಯಾಗಿರಲೇಬೇಕು! ನಿಜವಾಗಿ ಮಕ್ಕಳನ್ನು ಕದ್ದವರು ಯಾರು? 18ನೆಯ ಶತಮಾನದಲ್ಲಿ ಮರಿಯಾ ತೆರೇಸಾ ರಾಣಿಯ ಆಜ್ಞೆಯಂತೆ ಹಂಗೇರಿಯಲ್ಲಿ ಜಿಪ್ಸಿ ಮಕ್ಕಳನ್ನು ತಂದೆತಾಯಿಗಳಿಂದ ಕಿತ್ತು ಬೇರೆ ಮನೆಗಳಲ್ಲಿ ಬೆಳೆಸಲಾಯಿತು. ಸ್ವಿಟ್ಸರ್ಲೆಂಡಿನಲ್ಲಿ 1926ರಿಂದ 1973ರವರೆಗೆ ಯೆನಿಶ್ ಎಂಬ ಅಲೆಮಾರಿಗಳ ಸುಮಾರು 600 ಮಕ್ಕಳನ್ನು ದತ್ತಿ ಸಂಸ್ಥೆಯ ಹೆಸರಿನಲ್ಲಿ ಒಯ್ಯಲಾಯಿತು. ಇದು ಮಾನವಕುಲದ ವಿರುದ್ಧದ ಅಪರಾಧವೆಂದು ಸ್ವಿಸ್ ಸರಕಾರ ಒಪ್ಪಿದ್ದು 2025ರಲ್ಲಿ. ಹಳೆಯ ಕಾಲದ ಮಾತೆನ್ನುವಂತಿಲ್ಲ: 2013ರಲ್ಲಿ ಐರ್ಲೆಂಡಿನಲ್ಲಿ ಕೂದಲು ಹೊಂಬಣ್ಣದ್ದೆಂಬ ಅನುಮಾನಕ್ಕೆ ಇಬ್ಬರು ರೋಮಾ ಮಕ್ಕಳನ್ನು ಪೊಲೀಸರು ಮನೆಯಿಂದ ಒಯ್ದರು, ತಮ್ಮ ತಂದೆತಾಯಿಯ ಮಕ್ಕಳೇ ಎಂದು ಖಚಿತವಾದ ಮೇಲೆ ಹಿಂದಿರುಗಿಸಿದರು.

ರೋಮಾ ಜನ ತಾವೇ ಬರೆಯತೊಡಗಿದಾಗ ಚಿತ್ರ ಬೇರೆಯಾಯಿತು. ಪೋಲೆಂಡಿನ ಪಾಪುಶಾ ಯಹೂದಿ ಅಂಗಡಿಯವಳೊಬ್ಬಳಿಗೆ ಕೋಳಿ ಕೊಟ್ಟು ಅಕ್ಷರ ಕಲಿತವಳು. ಅವಳ ಕವನಗಳು ಅಲೆದಾಟ ನಿಲ್ಲಿಸುವ ಸರಕಾರಿ ಪ್ರಚಾರಕ್ಕೆ ಬಳಕೆಯಾದವು, ಅದಕ್ಕಾಗಿ ಅವಳ ಜನರೇ ಅವಳನ್ನು ದೂರವಿಟ್ಟರು. ಸ್ವೀಡನ್ನಿನ ಕತಾರಿನಾ ತೈಕೊನ್ ದೊಡ್ಡವಳಾದ ಮೇಲೆ ಓದು ಕಲಿತು, 1969ರಿಂದ ಬರೆದ ಕತಿತ್ಸಿ ಎಂಬ ಹುಡುಗಿಯ ಕತೆಗಳನ್ನು ಆ ದೇಶದ ಒಂದು ಇಡೀ ತಲೆಮಾರಿನ ಮಕ್ಕಳು ಓದಿ ಬೆಳೆದರು. ಆಸ್ಟ್ರಿಯಾದ ಚೇಯಾ ಸ್ಟೋಯ್ಕಾ ಮೂರು ನಾಜಿ ಶಿಬಿರಗಳಿಂದ ಬದುಕಿ ಬಂದು 1988ರಲ್ಲಿ ತನ್ನ ಕತೆ ಬರೆದರು, ಬಳಿಕ ಅದನ್ನೇ ಚಿತ್ರವಾಗಿಸಿದರು. 2022ರ ವೆನಿಸ್ ಕಲಾಮೇಳದಲ್ಲಿ ಪೋಲೆಂಡನ್ನು ಪ್ರತಿನಿಧಿಸಿದ ಮಾಲ್ಗೊಜಾತಾ ಮಿರ್ಗಾ-ತಾಸ್ ಹಳೆಯ ಬಟ್ಟೆಗಳನ್ನು ಹೊಲಿದು ತನ್ನ ಜನರ ಚಿತ್ರಗಳನ್ನು ಕಟ್ಟಿದರು. ಇವರ ಹೆಸರು ಸಜ್ಜನರ ಪಟ್ಟಿಯಲ್ಲಿ ಅಪರೂಪ. ಕುಣಿಯುವ ಜಿಪ್ಸಿಯನ್ನು ಮೆಚ್ಚುವುದು ಸುಲಭ, ಸಾಕ್ಷಿ ನುಡಿಯುವ ಜಿಪ್ಸಿಯನ್ನು ಮೆಚ್ಚುವುದು ಕಷ್ಟ.

ಇದು ಕ್ರೈಸ್ತ ಯುರೋಪಿನ ಪಾಪ ಮಾತ್ರ ಎಂದು ಮುಸ್ಲಿಮ್ ಓದುಗರು ನೆಮ್ಮದಿಯಿಂದಿರುವಂತಿಲ್ಲ. ಬಾಲ್ಕನ್ ರೋಮಾ ಜನರಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 1725ರಲ್ಲಿ ಪ್ರಶ್ಯದ ದೊರೆ 18 ದಾಟಿದ ಜಿಪ್ಸಿಗಳನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸಲು ಆಜ್ಞೆ ಮಾಡಿದ್ದಕ್ಕೆ ಹೋಲಿಸಿದರೆ ಆಟೊಮನ್ ಆಳ್ವಿಕೆ ಎಷ್ಟೋ ಸಹನೀಯ, ನಿಜ. ಆದರೆ ಅವರ 1530ರ ಕಾನೂನಿನಲ್ಲಿ ಮುಸ್ಲಿಮೇತರ ಜಿಪ್ಸಿಗೆ 25 ಅಕ್ಚೆ ತೆರಿಗೆಯಾದರೆ ಮುಸ್ಲಿಮ್ ಜಿಪ್ಸಿಗೆ 22. ಕಲಿಮಾ ಹೇಳಿದವನಿಗೆ ಸಿಕ್ಕ ರಿಯಾಯಿತಿ ಮೂರು ನಾಣ್ಯ! ಬೇರೆ ಮುಸ್ಲಿಮರಿಗಿಲ್ಲದ ತಲೆಗಂದಾಯವನ್ನು ಅವನಿಂದ ಶತಮಾನಗಳ ಕಾಲ ವಸೂಲಿ ಮಾಡಲಾಯಿತು. ವಲಾಕಿಯಾ, ಮೊಲ್ಡಾವಿಯಾಗಳು ಸುಲ್ತಾನನಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನಗಳೇ. ಅಲ್ಲಿನ ಗುಲಾಮಗಿರಿಯನ್ನು ಇಸ್ತಾಂಬುಲ್ ನಿಲ್ಲಿಸಲಿಲ್ಲ. 1999ರಲ್ಲಿ ಕೊಸೊವೊದ ಮಿತ್ರೊವಿಸಾದಲ್ಲಿ ಸಾವಿರಾರು ರೋಮಾ ಜನರ ಮೊಹಲ್ಲಾವನ್ನು ಸುಟ್ಟವರು ನಿನ್ನೆಯವರೆಗೆ ತಾವೇ ದೌರ್ಜನ್ಯ ಉಂಡಿದ್ದ ಅಲ್ಬೇನಿಯನ್ನರು. 2008-09ರಲ್ಲಿ ನಗರ ನವೀಕರಣದ ಹೆಸರಿನಲ್ಲಿ ಇಸ್ತಾಂಬುಲಿನ ಸುಲುಕುಲೆ ಎಂಬ ಪ್ರಾಚೀನ ರೋಮಾ ಕೇರಿ ನೆಲಸಮವಾಯಿತು. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವನನ್ನು ಬೀದಿಯಲ್ಲಿ ಕೀಳಾಗಿ ಕಾಣುವುದಕ್ಕೆ ದೀನಿನಲ್ಲಿ ಆಧಾರವಿಲ್ಲ.

ಭಾರತದ ಪಾತ್ರ ಇನ್ನೂ ವಿಚಿತ್ರ. 1971ರಲ್ಲಿ ಲಂಡನ್ ಬಳಿ ಸೇರಿದ ಮೊದಲ ಜಾಗತಿಕ ರೋಮಾ ಸಮಾವೇಶ ತನ್ನ ಬಾವುಟದ ನಡುವೆ ಕೆಂಪು ಚಕ್ರವನ್ನಿಟ್ಟು ಮೂಲನಾಡನ್ನು ನೆನೆಯಿತು. 2016ರಲ್ಲಿ ದಿಲ್ಲಿಯಲ್ಲಿ ನಡೆದ ಅಂತಾರಾಷ್ಟ್ರೀಯ ರೋಮಾ ಸಮ್ಮೇಳನದಲ್ಲಿ ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರನ್ನು ಭಾರತದ ಮಕ್ಕಳೆಂದು ಕರೆದರು. ಸಂತೋಷ. ಆದರೆ ಮನೆಯಲ್ಲೇ ಉಳಿದ ಅಲೆಮಾರಿ ಮಕ್ಕಳ ಗತಿಯೇನು? 1871ರ ಅಪರಾಧಿ ಬುಡಕಟ್ಟು ಕಾಯಿದೆ ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟ ಜನರನ್ನು 1952ರಲ್ಲಿ ಪಟ್ಟಿಯಿಂದ ತೆಗೆಯಲಾಯಿತು. ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆ ಬಂತು. ಹುಬ್ಬಳ್ಳಿಯ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಬ್ರಿಟಿಷರು ಅವರನ್ನು ಕೂಡಿಹಾಕಿದ್ದ ಕಾಲದ ಗುರುತು. ಜೈಲು ಕೈಪಿಡಿಗಳಲ್ಲಿ ಇಂಥ ಸಮುದಾಯಗಳ ವಿರುದ್ಧ ಉಳಿದಿದ್ದ ತಾರತಮ್ಯದ ಸಾಲುಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರಲ್ಲಿ. ಸಾವಿರ ವರ್ಷದ ಹಿಂದೆ ಹೋದವರನ್ನು ಅಪ್ಪಿಕೊಳ್ಳಲು ಸಮ್ಮೇಳನ ಸಾಕು. ಇಲ್ಲೇ ಟೆಂಟು ಹಾಕಿಕೊಂಡಿರುವವರಿಗೆ ನಿವೇಶನ ಬೇಕು, ಶಾಲೆ ಬೇಕು.

ಶಾಲೆಯೆಂದಾಗ ನೆನಪಾಗುವುದು 2007ರ ನವೆಂಬರ್ 13ರ ತೀರ್ಪು. ಜೆಕ್ ದೇಶದ ಒಸ್ಟ್ರಾವಾ ನಗರದ 18 ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ಸೇರಿಸಿದ್ದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಂದು ಹೇಳಿತು. ಐರೋಪ್ಯ ಒಕ್ಕೂಟದ ಸಂಸ್ಥೆಯೊಂದು 2021ರಲ್ಲಿ ಹತ್ತು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ರೋಮಾ ಜನರ ಪೈಕಿ ಶೇ. 80 ಮಂದಿ ಬಡತನದ ಅಂಚಿನಲ್ಲಿದ್ದರು. ಒಕ್ಕೂಟದ ಸರಾಸರಿ ಶೇ. 17. ಕಮ್ಯುನಿಸ್ಟ್ ಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದವರು ಇವರೇ. 1989ರ ಬಳಿಕ ಕಾರ್ಖಾನೆಗಳು ಮುಚ್ಚಿದಾಗ ಮೊದಲು ಬೀದಿಗೆ ಬಿದ್ದವರೂ ಇವರೇ. ಈಗ ಅವರನ್ನು ಸೋಮಾರಿಗಳೆಂದು ಜರೆಯಲಾಗುತ್ತದೆ.

ಆದ್ದರಿಂದ ಕೊಡುಗೆಯ ಪ್ರಶ್ನೆಯನ್ನೇ ತಿರಸ್ಕರಿಸಬೇಕಾಗಿದೆ. ಬಹುಸಂಖ್ಯಾತರಲ್ಲಿ ಯಾರನ್ನೂ ನಿನ್ನ ಕೊಡುಗೆ ಏನು ಎಂದು ಕೇಳುವುದಿಲ್ಲ. ಕೈಲಾಗದ, ಹಾಡು ಬಾರದ, ಹೆಸರು ಮಾಡದ ಜರ್ಮನನಿಗೆ ಜರ್ಮನಿಯಲ್ಲಿ, ಫ್ರೆಂಚನಿಗೆ ಫ್ರಾನ್ಸಿನಲ್ಲಿ ಬದುಕುವ ಹಕ್ಕಿದೆ. ಅಲ್ಪಸಂಖ್ಯಾತ ಮಾತ್ರ ಒಬ್ಬ ಪ್ರತಿಭಾವಂತನನ್ನು ಮುಂದೆ ನಿಲ್ಲಿಸಿ ಉಳಿದ ಲಕ್ಷ ಜನರಿಗೆ ಬಾಡಿಗೆ ಕಟ್ಟಬೇಕು. ಈ ದೇಶದ ಮುಸ್ಲಿಮರಿಗೂ ದಲಿತರಿಗೂ ಈ ಬಾಡಿಗೆಯ ಚೀಟಿ ಗೊತ್ತು. ಜಾಂಗೊನಂಥವನು ಹುಟ್ಟದೇ ಇದ್ದರೂ ಒಸ್ಟ್ರಾವಾದ ಆ 18 ಮಕ್ಕಳಿಗೆ ಎಲ್ಲರ ಶಾಲೆಯ ಬೆಂಚಿನ ಮೇಲೆ ಕೂರುವ ಹಕ್ಕು ಇದ್ದೇ ಇತ್ತು. ಲೆಕ್ಕವೇ ಬೇಕೆನ್ನುವುದಾದರೆ ಬಿಟ್ಟಿ ದುಡಿಮೆಯ ಐದು ಶತಮಾನ, ಕಿತ್ತುಕೊಂಡ ಮಕ್ಕಳು, ಸುಟ್ಟ ಕೇರಿಗಳು, ಆಶ್‌ವಿಟ್ಸ್‌ನ ಆ ಒಂದು ರಾತ್ರಿ, ಎಲ್ಲವನ್ನೂ ಪುಸ್ತಕಕ್ಕೆ ಹತ್ತಿಸಲಿ. ಆಗ ಸಾಲಗಾರ ಯಾರು ಎಂಬುದು ಯುರೋಪಿಗೇ ತಿಳಿಯುತ್ತದೆ.